ಪಾಸ್‌ವರ್ಡ್ ಯಾರದು ಅಂತ ಮಾತ್ರ ಅಲ್ಲ, ಲಾಗಿನ್ ಎಲ್ಲಿಂದ ಅಂತಲೂ ಕೇಳಿ

2018ರ ಜನವರಿ ಮೊದಲ ವಾರ. ಚಂಡೀಗಢದ ‘ದಿ ಟ್ರಿಬ್ಯೂನ್’ ಪತ್ರಿಕೆ ಆಧಾರ್ ಬಗ್ಗೆ ಒಂದು ವರದಿ ಪ್ರಕಟಿಸಿತು. ವಾಟ್ಸ್‌ಆ್ಯಪ್ ಮೂಲಕ ಸಿಕ್ಕ ಏಜೆಂಟ್ ಒಬ್ಬನಿಗೆ 500 ರೂಪಾಯಿ ಕೊಟ್ಟಿದ್ದಕ್ಕೆ 10 ನಿಮಿಷದಲ್ಲಿ ತನ್ನ ವರದಿಗಾರರಿಗೆ ಒಂದು ಲಾಗಿನ್ ಐಡಿ, ಪಾಸ್‌ವರ್ಡ್ ಸಿಕ್ಕಿತು, ಅದರೊಳಗೆ ಯಾವ ಆಧಾರ್ ಸಂಖ್ಯೆ ಹಾಕಿದರೂ ಹೆಸರು, ವಿಳಾಸ, ಫೋಟೊ, ಫೋನ್ ನಂಬರ್ ತೆರೆದುಕೊಳ್ಳುತ್ತಿತ್ತು ಅನ್ನೋದು ವರದಿಯ ಸಾರ. ಯುಐಡಿಎಐ ಇದನ್ನು ಸೋರಿಕೆ ಅಂತ ಒಪ್ಪಲಿಲ್ಲ. ಬಯೊಮೆಟ್ರಿಕ್ ಮಾಹಿತಿ ಸುರಕ್ಷಿತವಾಗಿದೆ, ಜನರ ದೂರು ಪರಿಹರಿಸಲೆಂದು ಅಧಿಕಾರಿಗಳಿಗೆ ಕೊಟ್ಟಿದ್ದ ಹುಡುಕಾಟದ ಸೌಲಭ್ಯ ದುರ್ಬಳಕೆ ಆಗಿರುವಂತೆ ಕಾಣುತ್ತದೆ ಅಂದಿತು. ಎಫ್‌ಐಆರ್ ಕೂಡ ದಾಖಲಾಯಿತು, ಅದರಲ್ಲಿ ವರದಿಗಾರರ ಹೆಸರೂ ಇತ್ತು.

ಆಮೇಲೆ ನಡೆದ ಗಲಾಟೆ ನಿಮಗೆ ನೆನಪಿರಬಹುದು. ಅದು ಸೋರಿಕೆಯಾ, ದುರ್ಬಳಕೆಯಾ? ಪತ್ರಕರ್ತರ ಮೇಲೆ ಕೇಸ್ ಹಾಕಿದ್ದು ಸರಿಯಾ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದ್ರೆ ಸಂಸ್ಥೆ ಕೊಟ್ಟ ವಿವರಣೆಯನ್ನೇ ಪೂರ್ತಿ ಒಪ್ಪಿಕೊಂಡರೂ ಮೂರನೇ ಪ್ರಶ್ನೆಯೊಂದು ಉಳಿಯುತ್ತದೆ. ಅಧಿಕಾರಿಗಳಿಗೆ ಕೊಟ್ಟ ಲಾಗಿನ್, ಅಧಿಕಾರಿಯ ಕಚೇರಿಯಲ್ಲಿಲ್ಲದ, ಯಾರೂ ನೋಂದಾಯಿಸದ ಕಂಪ್ಯೂಟರಿನಲ್ಲಿ ತೆರೆದುಕೊಂಡಿದ್ದಾದರೂ ಹೇಗೆ?

ಕಂಪ್ಯೂಟರ್ ಜಗತ್ತಿನಲ್ಲಿ ಈ ಪ್ರಶ್ನೆಗೆ ಹಳೆಯ, ಸರಳವಾದ ಉತ್ತರವೊಂದಿದೆ. ಹೆಚ್ಚಿನ ಅಧಿಕಾರವಿರುವ ಲಾಗಿನ್, ಮೊದಲೇ ಗುರುತಿಸಿಟ್ಟ ಕೆಲವೇ ಟರ್ಮಿನಲ್‌ಗಳಿಂದ ಮಾತ್ರ ಕೆಲಸ ಮಾಡಬೇಕು, ಬೇರೆ ಕಡೆಯಿಂದ ಸರಿಯಾದ ಪಾಸ್‌ವರ್ಡ್ ಹಾಕಿದರೂ ಬಾಗಿಲು ತೆರೆಯಬಾರದು. ಇದು ಬರೀ ಎಂಜಿನಿಯರ್‌ಗಳ ವಿಷಯ ಅಂತ ಬಿಟ್ಟುಬಿಡೋ ಹಾಗಿಲ್ಲ. ನಮ್ಮ ಪಹಣಿ, ಪಡಿತರ, ಪಿಂಚಣಿ, ಮತದಾರರ ಪಟ್ಟಿ ಎಲ್ಲವೂ ಇಂಥ ಲಾಗಿನ್‌ಗಳ ಹಿಂದೆ ಕೂತಿವೆ. ಹಾಗಾಗಿ ಈ ವ್ಯವಸ್ಥೆ ಏನು, ಹೇಗೆ ಬಂತು, ಎಲ್ಲಿ ಸೋಲುತ್ತದೆ ಅಂತ ಒಮ್ಮೆ ಪೂರ್ತಿ ನೋಡೋಣ.

ಅಡ್ಮಿನ್‌ಗೆ ಇರುವ ಶಕ್ತಿ ಎಷ್ಟು?

ಯಾವುದೇ ದೊಡ್ಡ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಎರಡು ಥರದ ಬಳಕೆದಾರರಿರುತ್ತಾರೆ. ಒಂದು, ಸಾಮಾನ್ಯ ಬಳಕೆದಾರ. ತನ್ನ ಕಡತ, ತನ್ನ ಕೆಲಸ ಅಷ್ಟೇ ಅವನ ವ್ಯಾಪ್ತಿ. ಇನ್ನೊಂದು, ಅಡ್ಮಿನಿಸ್ಟ್ರೇಟರ್. ಯೂನಿಕ್ಸ್, ಲಿನಕ್ಸ್‌ನಲ್ಲಿ ಆ ಖಾತೆಯ ಹೆಸರು ‘ರೂಟ್’. ರೂಟ್ ಯಾರ ಕಡತವನ್ನಾದರೂ ಓದಬಹುದು, ತಿದ್ದಬಹುದು, ಅಳಿಸಬಹುದು. ಹೊಸ ಬಳಕೆದಾರರನ್ನು ಹುಟ್ಟಿಸಬಹುದು, ಇರುವವರನ್ನು ಹೊರಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಏನು ಮಾಡಿದರು ಅಂತ ಬರೆದಿಡುವ ಲಾಗ್ ಕಡತವನ್ನೇ ತಿದ್ದಬಹುದು. ಅಂದ್ರೆ ಕಳ್ಳತನ ಮಾಡಿ, ಠಾಣೆಯ ಡೈರಿಯನ್ನೂ ತಾನೇ ಬರೆದು ಹೋಗುವಷ್ಟು ಅಧಿಕಾರ.

ಇಂಥ ಖಾತೆಗೆ ಪಾಸ್‌ವರ್ಡ್ ಒಂದೇ ಕಾವಲು ಅಂದ್ರೆ ಏನಾಗುತ್ತೆ? ಪಾಸ್‌ವರ್ಡ್ ಅನ್ನೋದು ಒಂದು ಮಾತು. ಅದನ್ನು ಹೇಳಬಹುದು, ಕದಿಯಬಹುದು, ಮಾರಬಹುದು, ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಬಹುದು. ಒಂದೇ ಹೊತ್ತಿನಲ್ಲಿ ಹತ್ತು ಊರಲ್ಲಿ ಹತ್ತು ಜನ ಬಳಸಬಹುದು, ಮೂಲ ಮಾಲೀಕನಿಗೆ ಗೊತ್ತೇ ಆಗೋದಿಲ್ಲ. ಕಬ್ಬಿಣದ ಕೀಲಿ ಕಳೆದರೆ ಕಳೆದಿದೆ ಅಂತ ತಿಳಿಯುತ್ತೆ. ಪಾಸ್‌ವರ್ಡ್ ಕಳುವಾದರೂ ಮಾಲೀಕನ ಹತ್ತಿರ ಹಾಗೇ ಇರುತ್ತೆ.

ಅದಕ್ಕೇ ‘ನೀನು ಯಾರು’, ‘ನಿನಗೇನು ಗೊತ್ತು’ ಅನ್ನೋ ಎರಡು ಪ್ರಶ್ನೆಗಳ ಜತೆಗೆ ‘ಎಲ್ಲಿಂದ ಬಂದೆ’ ಅನ್ನೋ ಮೂರನೆಯದು ಸೇರಿತು. ಈ ಯೋಚನೆ ನಮಗೇನೂ ಹೊಸತಲ್ಲ. ದೇವಸ್ಥಾನದ ಹುಂಡಿಯ ಕೀಲಿ ಯಾರ ಬಳಿಯೇ ಇರಲಿ, ಹುಂಡಿ ತೆರೆದು ಎಣಿಸೋದು ದೇವಸ್ಥಾನದ ಆವರಣದಲ್ಲಿ, ಎಲ್ಲರ ಎದುರು. ಕೀಲಿ ಇದೆ ಅಂತ ಹುಂಡಿಯನ್ನು ಮನೆಗೆ ಒಯ್ದು ಎಣಿಸೋಕಾಗಲ್ಲ. ಅಧಿಕಾರವನ್ನು ಒಂದು ಜಾಗಕ್ಕೆ ಕಟ್ಟಿಹಾಕೋದು ಅಂದ್ರೆ ಇದೇ.

ಒಂದು ಸಣ್ಣ ಕಡತದ ಕಥೆ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯೂನಿಕ್ಸ್ ಕಟ್ಟಲು ಶುರು ಮಾಡಿದಾಗ, ಕಂಪ್ಯೂಟರ್ ಜತೆ ಮಾತಾಡೋಕೆ ಇದ್ದದ್ದು ಟೆಲಿಟೈಪ್ ಯಂತ್ರ. ಟೈಪ್‌ರೈಟರ್ ಥರದ್ದು, ಕೀ ಒತ್ತಿದ್ದು ಕಂಪ್ಯೂಟರಿಗೆ ಹೋಗುತ್ತಿತ್ತು, ಉತ್ತರ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಇವತ್ತಿಗೂ ಲಿನಕ್ಸ್‌ನಲ್ಲಿ ಟರ್ಮಿನಲ್‌ಗಳನ್ನು ‘ಟಿಟಿವೈ’ ಅಂತ ಕರೆಯೋದು ಆ ಯಂತ್ರದ ನೆನಪಿಗೆ.

ಒಂದು ಕಂಪ್ಯೂಟರಿಗೆ ಹಲವು ಟರ್ಮಿನಲ್‌ಗಳು. ಕಂಪ್ಯೂಟರ್ ಇರುವ ಕೋಣೆಯಲ್ಲೇ ಒಂದು, ಅದಕ್ಕೆ ಕನ್ಸೋಲ್ ಅಂತ ಹೆಸರು. ಮಿಕ್ಕವು ಬೇರೆ ಬೇರೆ ಕೋಣೆಗಳಲ್ಲಿ, ಇನ್ನು ಕೆಲವು ಫೋನ್ ಲೈನ್ ಮೂಲಕ ಎಲ್ಲಿಂದಲೋ ಬರುವಂಥವು. ಕನ್ಸೋಲ್ ಮುಂದೆ ಕೂರಬೇಕಾದರೆ ಬೀಗ ಹಾಕಿದ ಕೋಣೆಯೊಳಗೆ ಹೋಗಬೇಕು. ಫೋನ್ ಲೈನಿಗೆ ನಂಬರ್ ಗೊತ್ತಿದ್ದರೆ ಸಾಕು. ಎರಡನ್ನೂ ಒಂದೇ ಥರ ನಂಬೋದು ಸರಿಯಲ್ಲ ಅಂತ ಬಳಸುವವರಿಗೆ ಗೊತ್ತಾಗಲು ಬಹಳ ಕಾಲ ಬೇಕಾಗಲಿಲ್ಲ.

ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಆವೃತ್ತಿಯಾದ ಬಿಎಸ್‌ಡಿಯಲ್ಲಿ ಟರ್ಮಿನಲ್‌ಗಳ ಪಟ್ಟಿಯಿರುವ ಕಡತವೊಂದಿತ್ತು. ಅದರಲ್ಲಿ ಟರ್ಮಿನಲ್ ಹೆಸರಿನ ಮುಂದೆ ‘ಸೆಕ್ಯೂರ್’ ಅಂತ ಬರೆದಿದ್ದರೆ ಮಾತ್ರ ಅಲ್ಲಿಂದ ರೂಟ್ ನೇರವಾಗಿ ಲಾಗಿನ್ ಆಗಬಹುದು. ಬರೆದಿಲ್ಲದಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶ ಇಲ್ಲ. ಈ ನಿಯಮ ಇವತ್ತಿನ ಫ್ರೀಬಿಎಸ್‌ಡಿಯಲ್ಲೂ ಇದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನ್ಸೋಲನ್ನೇ ‘ಇನ್‌ಸೆಕ್ಯೂರ್’ ಅಂತ ಗುರುತಿಸಬಹುದು. ಆಗ ಯಾರಾದರೂ ಯಂತ್ರದ ಮುಂದೆಯೇ ಕೂತು ದುರಸ್ತಿ ಸ್ಥಿತಿಯಲ್ಲಿ ಅದನ್ನು ಚಾಲೂ ಮಾಡಿದರೂ ರೂಟ್ ಪಾಸ್‌ವರ್ಡ್ ಕೇಳುತ್ತದೆ.

ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಸೆಕ್ಯೂರ್‌ಟಿಟಿವೈ’ ಅನ್ನೋ ಪುಟ್ಟ ಕಡತ. ಸಾಲಿಗೊಂದು ಟರ್ಮಿನಲ್ ಹೆಸರು, ಅಷ್ಟೇ. ಪಟ್ಟಿಯಲ್ಲಿರುವ ಕಡೆಯಿಂದ ರೂಟ್ ಬರಬಹುದು, ಇಲ್ಲದ ಕಡೆಯಿಂದ ಬರುವಂತಿಲ್ಲ. ಇದರಲ್ಲೊಂದು ಸೂಕ್ಷ್ಮ ಇದೆ. ಕಡತ ಇದ್ದು ಖಾಲಿಯಿದ್ದರೆ ಯಾವ ಟರ್ಮಿನಲ್‌ನಿಂದಲೂ ರೂಟ್‌ಗೆ ಪ್ರವೇಶವಿಲ್ಲ. ಕಡತವೇ ಇಲ್ಲದಿದ್ದರೆ ಎಲ್ಲ ಟರ್ಮಿನಲ್‌ಗಳಿಂದಲೂ ಇದೆ! ನೋಡೋಕೆ ಖಾಲಿ ಪಟ್ಟಿ, ಇಲ್ಲದ ಪಟ್ಟಿ ಎರಡೂ ಒಂದೇ ಅನ್ನಿಸುತ್ತೆ, ಪರಿಣಾಮ ಮಾತ್ರ ತದ್ವಿರುದ್ಧ. ನಿಯಮ ಬರೆಯದೇ ಇರೋದು ಕೂಡ ಒಂದು ನಿಯಮವೇ, ಅದು ಸಾಮಾನ್ಯವಾಗಿ ‘ಯಾರು ಬೇಕಾದರೂ ಬನ್ನಿ’ ಅನ್ನೋ ನಿಯಮ ಅಂತ ಸರ್ಕಾರಿ ವ್ಯವಸ್ಥೆಗಳ ಬಗ್ಗೆ ಮಾತಾಡುವಾಗಲೂ ನೆನಪಿಟ್ಟುಕೊಳ್ಳಿ.

ಹಾಗಾದ್ರೆ ದೂರದಲ್ಲಿರುವ ಅಡ್ಮಿನ್ ಏನು ಮಾಡಬೇಕು? ಮೊದಲು ತನ್ನ ಸ್ವಂತ ಹೆಸರಿನಲ್ಲಿ ಲಾಗಿನ್ ಆಗಬೇಕು. ಆಮೇಲೆ ‘ಎಸ್‌ಯು’ ಅಥವಾ ‘ಸುಡೊ’ ಅನ್ನೋ ಆಜ್ಞೆ ಕೊಟ್ಟು ರೂಟ್ ಅಧಿಕಾರ ಪಡೆಯಬೇಕು. ಬಿಎಸ್‌ಡಿಯಲ್ಲಿ ‘ವೀಲ್’ ಅನ್ನೋ ಗುಂಪಿನಲ್ಲಿ ಹೆಸರಿದ್ದವರಿಗೆ ಮಾತ್ರ ಎಸ್‌ಯು ಮೂಲಕ ರೂಟ್ ಆಗುವ ಹಕ್ಕು. ಇದರಿಂದ ಆಗುವ ದೊಡ್ಡ ಲಾಭ, ಲಾಗ್‌ನಲ್ಲಿ ‘ರೂಟ್ ಬಂದ’ ಅನ್ನೋ ಬದಲು ‘ಇಂಥ ವ್ಯಕ್ತಿ, ಇಂಥ ಟರ್ಮಿನಲ್‌ನಿಂದ, ಇಷ್ಟು ಹೊತ್ತಿಗೆ ರೂಟ್ ಆದ’ ಅಂತ ದಾಖಲಾಗುತ್ತದೆ. ಅಧಿಕಾರಕ್ಕೆ ಒಂದು ಮುಖ ಬರುತ್ತದೆ.

ನೆಟ್‌ವರ್ಕ್ ಬಂದ ಮೇಲೆ

ಮುಂದೆ ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಲ್ಲಿ ಸೇರಿಕೊಂಡಾಗ ಈ ಸರಳ ಲೆಕ್ಕ ತಪ್ಪಿತು. ಟೆಲ್‌ನೆಟ್‌ನಂಥ ವಿಧಾನಗಳಲ್ಲಿ ಪಾಸ್‌ವರ್ಡ್ ಯಾವ ಮುಚ್ಚುಮರೆಯೂ ಇಲ್ಲದೆ ತಂತಿಯ ಮೇಲೆ ಹೋಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಯಾರೋ ಹೀಗೆ ಕದ್ದು ಕೇಳಿಸಿಕೊಂಡ ನಂತರ, ಅಲ್ಲಿನ ಟಾಟು ಯುಲೊನೆನ್ ‘ಎಸ್‌ಎಸ್‌ಎಚ್’ ರೂಪಿಸಿದರು. ಇವತ್ತು ಜಗತ್ತಿನ ಸರ್ವರ್‌ಗಳನ್ನು ದೂರದಿಂದ ನಿಭಾಯಿಸೋದು ಬಹುಪಾಲು ಅದರ ಮೂಲಕವೇ.

ಆದ್ರೆ ಎಸ್‌ಎಸ್‌ಎಚ್‌ನ ಬಾಗಿಲು ಬೇರೆ. ಹಳೆಯ ಸೆಕ್ಯೂರ್‌ಟಿಟಿವೈ ಪಟ್ಟಿ ಅದಕ್ಕೆ ಅನ್ವಯಿಸೋದೇ ಇಲ್ಲ. ಮುಂಬಾಗಿಲಿಗೆ ಭದ್ರವಾಗಿ ಬೀಗ ಹಾಕಿ, ಹಿತ್ತಲ ಬಾಗಿಲು ತೆರೆದಿಟ್ಟ ಎಷ್ಟೋ ಸರ್ವರ್‌ಗಳು ಹೀಗೇ ಹುಟ್ಟಿಕೊಂಡವು. ಎಸ್‌ಎಸ್‌ಎಚ್‌ನಲ್ಲಿ ರೂಟ್ ನೇರವಾಗಿ ಬರಬಹುದೇ ಬೇಡವೇ ಅಂತ ಹೇಳಲು ‘ಪರ್ಮಿಟ್‌ರೂಟ್‌ಲಾಗಿನ್’ ಅನ್ನೋ ಪ್ರತ್ಯೇಕ ಆಯ್ಕೆ ಇದೆ. ಬಹಳ ವರ್ಷ ಅದರ ಮೂಲ ಸ್ಥಿತಿ ‘ಎಸ್’ ಅಂತಲೇ ಇತ್ತು. 2015ರ ಆಗಸ್ಟ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0 ಅದನ್ನು ಬದಲಿಸಿ, ಬರೀ ಪಾಸ್‌ವರ್ಡ್ ಹಾಕಿ ರೂಟ್ ಆಗೋದನ್ನು ತಡೆಯಿತು. ಯಾರೂ ಏನೂ ಬದಲಿಸದೆ ಇದ್ದರೂ ವ್ಯವಸ್ಥೆ ಸುರಕ್ಷಿತವಾಗಿರಬೇಕು ಅನ್ನೋ ತಿಳಿವಳಿಕೆ ಇದರ ಹಿಂದಿತ್ತು. ಇತ್ತ ಸೆಕ್ಯೂರ್‌ಟಿಟಿವೈ ಕಡತ ಮೂಲೆಗೆ ಸರಿಯಿತು. ಟರ್ಮಿನಲ್‌ಗಳೆಲ್ಲ ಸಾಫ್ಟ್‌ವೇರ್‌ನಲ್ಲಿ ಹುಟ್ಟಿ ಸಾಯುವ ಕಾಲದಲ್ಲಿ ಅವುಗಳ ಹೆಸರು ಹಿಡಿದು ಪಟ್ಟಿ ಮಾಡೋದರಲ್ಲಿ ಅರ್ಥ ಉಳಿಯಲಿಲ್ಲ.

ಕಡತ ಮೂಲೆಗೆ ಸರಿದರೂ ಅದರ ಹಿಂದಿನ ಯೋಚನೆ ಉಳಿದಿದೆ, ರೂಪ ಬದಲಾಗಿದೆ ಅಷ್ಟೇ. ಎರಡು ರೂಪಗಳು ಮುಖ್ಯ. ಒಂದು, ‘ಜಂಪ್ ಸರ್ವರ್’. ಒಳಗಿನ ಯಾವ ಯಂತ್ರಕ್ಕೆ ಹೋಗಬೇಕಾದರೂ ಮೊದಲು ಈ ಒಂದು ಯಂತ್ರದ ಮೂಲಕವೇ ಹಾದುಹೋಗಬೇಕು. ಕಾವಲು, ದಾಖಲೆ ಎಲ್ಲ ಅಲ್ಲೇ. ಎರಡು, ಅಡ್ಮಿನ್ ಕೆಲಸಕ್ಕೇ ಮೀಸಲಾದ ಕಂಪ್ಯೂಟರ್. ಮೈಕ್ರೊಸಾಫ್ಟ್ ಇದನ್ನು ‘ಪ್ರಿವಿಲೆಜ್ಡ್ ಆಕ್ಸೆಸ್ ವರ್ಕ್‌ಸ್ಟೇಷನ್’ ಅಂತ ಕರೆಯುತ್ತದೆ. ಅದರಲ್ಲಿ ಇಮೇಲ್ ಇಲ್ಲ, ಸಿನಿಮಾ ಇಲ್ಲ, ಮನಬಂದಂತೆ ವೆಬ್‌ಸೈಟ್ ನೋಡೋ ಹಾಗಿಲ್ಲ.

ಯಾಕಿಷ್ಟು ಮಡಿ? ಇಲ್ಲಿ ಅಪಾಯ ಎರಡೂ ಕಡೆಯಿಂದ ಇದೆ. ಕೆಟ್ಟ ಟರ್ಮಿನಲ್‌ನಿಂದ ಸರ್ವರ್ ಕಾಪಾಡಬೇಕು, ನಿಜ. ಅಡ್ಮಿನ್‌ನ ಗುಟ್ಟನ್ನೂ ಕೆಟ್ಟ ಟರ್ಮಿನಲ್‌ನಿಂದ ಕಾಪಾಡಬೇಕು. ಅಡ್ಮಿನ್ ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಆಗುತ್ತಾನೋ ಆ ಕಂಪ್ಯೂಟರಿನ ಮೆಮರಿಯಲ್ಲಿ ಅವನ ಗುರುತಿನ ಕುರುಹು ಉಳಿಯಬಹುದು. 2011ರಲ್ಲಿ ಫ್ರಾನ್ಸ್‌ನ ಬೆಂಜಮಿನ್ ಡೆಲ್ಪಿ ಬಿಡುಗಡೆ ಮಾಡಿದ ‘ಮಿಮಿಕ್ಯಾಟ್ಜ್’ ಅನ್ನೋ ಸಾಧನ ವಿಂಡೋಸ್ ಮೆಮರಿಯಿಂದ ಇಂಥ ಪಾಸ್‌ವರ್ಡ್‌ಗಳನ್ನು ಎಷ್ಟು ಸುಲಭವಾಗಿ ಹೆಕ್ಕಬಹುದು ಅಂತ ತೋರಿಸಿಕೊಟ್ಟಿತು. ಆಮೇಲೆ ಅದು ದಾಳಿಕೋರರ ಕೈಯ ಮಾಮೂಲಿ ಅಸ್ತ್ರವೂ ಆಯಿತು. ದೊಡ್ಡ ಅಧಿಕಾರದ ಖಾತೆ ಸಣ್ಣ, ಕೊಳಕು ಯಂತ್ರದಲ್ಲಿ ಒಮ್ಮೆಯೂ ಲಾಗಿನ್ ಆಗಬಾರದು ಅನ್ನೋದು ಇದಕ್ಕೇ.

ಮೂರು ಪ್ರಕರಣ, ಮೂರು ಪಾಠ

*ಢಾಕಾ, 2016.* ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ಅಂತಾರಾಷ್ಟ್ರೀಯ ಹಣ ವರ್ಗಾವಣೆಯ ಸ್ವಿಫ್ಟ್ ವ್ಯವಸ್ಥೆಗೆ ಪ್ರತ್ಯೇಕ ಕೋಣೆಯೇ ಇತ್ತು. ಫೆಬ್ರುವರಿಯಲ್ಲಿ ಹ್ಯಾಕರ್‌ಗಳು ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕ್ ಫೆಡರಲ್ ರಿಸರ್ವ್‌ಗೆ ಒಟ್ಟು 95.1 ಕೋಟಿ ಡಾಲರ್ ವರ್ಗಾಯಿಸುವಂತೆ 35 ಆದೇಶ ಕಳಿಸಿದರು. ಬಹುಪಾಲು ತಡೆಹಿಡಿಯಲಾಯಿತು, ಆದರೂ 10.1 ಕೋಟಿ ಡಾಲರ್ ಹೊರಟೇಹೋಯಿತು. ಶ್ರೀಲಂಕಾಕ್ಕೆ ಹೋದ 2 ಕೋಟಿ ವಾಪಸ್ ಸಿಕ್ಕಿತು, ಫಿಲಿಪ್ಪೀನ್ಸ್‌ಗೆ ಹೋದದ್ದು 8.1 ಕೋಟಿ. ಸ್ವಿಫ್ಟ್ ಯಂತ್ರಗಳು ಬ್ಯಾಂಕಿನ ಉಳಿದ ನೆಟ್‌ವರ್ಕ್‌ನಿಂದ ಸರಿಯಾಗಿ ಬೇರ್ಪಟ್ಟಿರಲಿಲ್ಲ, ಫೈರ್‌ವಾಲ್ ಇರಲಿಲ್ಲ, 10 ಡಾಲರ್‌ನ ಸೆಕೆಂಡ್ ಹ್ಯಾಂಡ್ ಸ್ವಿಚ್‌ಗಳನ್ನು ಬಳಸಲಾಗಿತ್ತು ಅಂತ ಬಾಂಗ್ಲಾ ತನಿಖಾಧಿಕಾರಿಯೊಬ್ಬರು ರಾಯ್ಟರ್ಸ್‌ಗೆ ಹೇಳಿದ್ದರು. ಕೋಣೆಗೆ ಬಾಗಿಲಿತ್ತು, ತಂತಿಗೆ ಇರಲಿಲ್ಲ. ಜಾಗ ಬೇರೆ ಮಾಡಿದರೆ ಸಾಲದು, ನೆಟ್‌ವರ್ಕನ್ನೂ ಬೇರೆ ಮಾಡಬೇಕು.

*ಟ್ವಿಟರ್, 2020.* ಜುಲೈ 15ರಂದು ಬರಾಕ್ ಒಬಾಮಾ, ಜೋ ಬೈಡನ್, ಇಲಾನ್ ಮಸ್ಕ್, ಬಿಲ್ ಗೇಟ್ಸ್ ಖಾತೆಗಳಿಂದ ಒಂದೇ ಥರದ ಬಿಟ್‌ಕಾಯಿನ್ ವಂಚನೆಯ ಟ್ವೀಟ್ ಬಂತು. 130 ಖಾತೆಗಳು ಗುರಿಯಾಗಿದ್ದವು. ನ್ಯೂಯಾರ್ಕ್‌ನ ಹಣಕಾಸು ಸೇವಾ ಇಲಾಖೆ ತನಿಖೆ ನಡೆಸಿ ಕೊಟ್ಟ ವರದಿಯ ಪ್ರಕಾರ, ಇದರಲ್ಲಿ ದೊಡ್ಡ ತಂತ್ರಜ್ಞಾನವೇನೂ ಇರಲಿಲ್ಲ. ಕೋವಿಡ್ ಕಾಲ, ನೌಕರರೆಲ್ಲ ಮನೆಯಲ್ಲಿ. ಐಟಿ ಹೆಲ್ಪ್‌ಡೆಸ್ಕ್‌ನವರು ಅಂತ ಹೇಳಿಕೊಂಡು ಫೋನ್ ಮಾಡಿ, ವಿಪಿಎನ್ ತೊಂದರೆ ಸರಿಮಾಡ್ತೀವಿ ಅಂತ ನಕಲಿ ಪುಟಕ್ಕೆ ಕರೆದೊಯ್ದರು. ನೌಕರರು ಅಲ್ಲಿ ಹಾಕಿದ ಪಾಸ್‌ವರ್ಡನ್ನು ಅದೇ ಕ್ಷಣ ಅಸಲಿ ಪುಟಕ್ಕೆ ಹಾಕಿದರು. ಫೋನಿಗೆ ಬಂದ ಎರಡನೇ ಹಂತದ ದೃಢೀಕರಣವನ್ನೂ ಕೆಲವರು ಒಪ್ಪಿಬಿಟ್ಟರು. ಅಂದ್ರೆ ‘ಯಾರು’, ‘ಏನು ಗೊತ್ತು’ ಎರಡಕ್ಕೂ ಸರಿಯುತ್ತರ ಸಿಕ್ಕಿತ್ತು. ಆ ಲಾಗಿನ್ ಕಂಪನಿ ಕೊಟ್ಟ ಲ್ಯಾಪ್‌ಟಾಪಿಗೆ ಮಾತ್ರ ಕಟ್ಟಿಹಾಕಿದ್ದಿದ್ದರೆ, ಕದ್ದ ಪಾಸ್‌ವರ್ಡ್ ಇನ್ನೊಬ್ಬನ ಯಂತ್ರದಲ್ಲಿ ಬರೀ ಅಕ್ಷರವಾಗಿ ಉಳಿಯುತ್ತಿತ್ತು.

*ಲಾಸ್ಟ್‌ಪಾಸ್, 2022.* ಕೋಟ್ಯಂತರ ಜನರ ಪಾಸ್‌ವರ್ಡ್ ಕಾಪಾಡೋದೇ ಈ ಕಂಪನಿಯ ಕಸುಬು. ಗ್ರಾಹಕರ ಬ್ಯಾಕಪ್ ತೆರೆಯುವ ಕೀಲಿ ಕೇವಲ 4 ಎಂಜಿನಿಯರ್‌ಗಳ ಬಳಿ ಇತ್ತು. ದಾಳಿಕೋರರು ಅವರಲ್ಲೊಬ್ಬರ ಮನೆಯ ಕಂಪ್ಯೂಟರನ್ನು ಹುಡುಕಿಕೊಂಡು ಹೋದರು. ಅದರಲ್ಲಿದ್ದ ಹಾಡು-ಸಿನಿಮಾ ನೋಡುವ ಸಾಫ್ಟ್‌ವೇರ್‌ನ ದೋಷ ಬಳಸಿ ಒಳಹೊಕ್ಕು, ಒತ್ತಿದ ಕೀಗಳನ್ನೆಲ್ಲ ದಾಖಲಿಸುವ ಪ್ರೋಗ್ರಾಂ ಕೂರಿಸಿದರು. ಎಂಜಿನಿಯರ್ ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡಿದ್ದು ಅವರ ಕೈ ಸೇರಿತು. ಕೊನೆಗೆ ಗ್ರಾಹಕರ ಗೂಢಲಿಪೀಕರಿಸಿದ ಬ್ಯಾಕಪ್‌ಗಳ ನಕಲು ಅವರ ಪಾಲಾಯಿತು. ಕೀಲಿ ಇರುವವರ ಸಂಖ್ಯೆ ನಾಲ್ಕಕ್ಕೆ ಇಳಿಸಿದ್ದು ಒಳ್ಳೆಯದೇ. ಆ ಕೀಲಿಯನ್ನು ಯಾವ ಯಂತ್ರದಲ್ಲಿ ತಿರುಗಿಸಬಹುದು ಅನ್ನೋದಕ್ಕೆ ಕಟ್ಟುಪಾಡು ಇರಲಿಲ್ಲ.

ಜಾಗವೋ, ಯಂತ್ರವೋ?

ಹಾಗಂತ ಎಲ್ಲರನ್ನೂ ಬೀಗ ಹಾಕಿದ ಕೋಣೆಗೆ ವಾಪಸ್ ಕಳಿಸೋಕಾಗುತ್ತಾ? ಇಲ್ಲ. ಬರೀ ‘ನಮ್ಮ ಕಚೇರಿಯ ನೆಟ್‌ವರ್ಕ್‌ನಿಂದ ಬಂದಿದೆ’ ಅನ್ನೋ ಕಾರಣಕ್ಕೆ ನಂಬೋದೂ ಅಪಾಯ ಅಂತ ಢಾಕಾ ತೋರಿಸಿದೆ. ಒಮ್ಮೆ ಒಳಬಂದವನಿಗೆ ಎಲ್ಲ ಬಾಗಿಲೂ ತೆರೆದಿರುತ್ತವೆ.

2009ರಲ್ಲಿ ನಡೆದ ‘ಆಪರೇಷನ್ ಅರೋರಾ’ ದಾಳಿಯ ನಂತರ ಗೂಗಲ್ ಈ ಲೆಕ್ಕವನ್ನೇ ಬದಲಿಸಲು ಹೊರಟಿತು. 2014ರಲ್ಲಿ ಅದು ಪ್ರಕಟಿಸಿದ ‘ಬಿಯಾಂಡ್‌ಕಾರ್ಪ್’ ಮಾದರಿಯಲ್ಲಿ ನಂಬಿಕೆ ಇಡೋದು ಜಾಗದ ಮೇಲಲ್ಲ, ಯಂತ್ರದ ಮೇಲೆ. ಪ್ರತಿ ಲ್ಯಾಪ್‌ಟಾಪ್ ಕಂಪನಿಯ ದಾಸ್ತಾನು ಪಟ್ಟಿಯಲ್ಲಿರಬೇಕು, ಅದರೊಳಗೆ ಅದಕ್ಕೇ ಕೊಟ್ಟ ಡಿಜಿಟಲ್ ಪ್ರಮಾಣಪತ್ರ ಇರಬೇಕು, ಸಾಫ್ಟ್‌ವೇರ್ ಅಪ್‌ಡೇಟ್ ಆಗಿರಬೇಕು. ಆಗ ಅದು ಕಾಫಿ ಅಂಗಡಿಯಲ್ಲಿದ್ದರೂ ಸರಿ. ಪಟ್ಟಿಯಲ್ಲಿಲ್ಲದ ಯಂತ್ರ ಮುಖ್ಯ ಕಚೇರಿಯೊಳಗೇ ಇದ್ದರೂ ಅದಕ್ಕೆ ಪ್ರವೇಶವಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2020ರಲ್ಲಿ ಪ್ರಕಟಿಸಿದ ‘ಝೀರೊ ಟ್ರಸ್ಟ್’ ದಾಖಲೆಯೂ ಇದೇ ದಾರಿಯದು. ಒಂದು ರೀತಿಯಲ್ಲಿ ಇದು ಹಳೆಯ ಸೆಕ್ಯೂರ್‌ಟಿಟಿವೈ ಪಟ್ಟಿಯೇ. ಟರ್ಮಿನಲ್ ಹೆಸರಿನ ಬದಲು ಯಂತ್ರದ ನಕಲು ಮಾಡಲಾಗದ ಗುರುತು ಬಂದಿದೆ.

ನಮ್ಮಲ್ಲಿ

ಕರ್ನಾಟಕಕ್ಕೆ ಈ ಯೋಚನೆ ಅಪರಿಚಿತವಲ್ಲ. 2001ರಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಯೋಸ್ಕ್ ಮೂಲಕ ಕೊಡಲು ಶುರು ಮಾಡಿದಾಗ, ಸಿಬ್ಬಂದಿ ಲಾಗಿನ್‌ಗೆ ಪಾಸ್‌ವರ್ಡ್ ಜತೆ ಬೆರಳಚ್ಚನ್ನೂ ಕಡ್ಡಾಯ ಮಾಡಲಾಗಿತ್ತು. ‘ನಾನಲ್ಲ ಸಾರ್, ಯಾರೋ ನನ್ನ ಪಾಸ್‌ವರ್ಡ್ ಹಾಕಿ ಮಾಡಿದ್ದಾರೆ’ ಅಂತ ಜಾರಿಕೊಳ್ಳಲು ಅವಕಾಶ ಇರಬಾರದು ಅನ್ನೋದು ಉದ್ದೇಶ. ಗುರುತಿಸಿದ ಕಚೇರಿ, ಗುರುತಿಸಿದ ಬೆರಳು, ಉಳಿಯುವ ದಾಖಲೆ. ಜಮೀನಿನ ಹಕ್ಕು ಬದಲಾಗುವ ಕಡೆ ಇದಕ್ಕಿಂತ ಕಡಿಮೆ ಎಚ್ಚರ ಸಾಲದು.

ಆಧಾರ್ ನೋಂದಣಿ ಸಾಫ್ಟ್‌ವೇರ್‌ನಲ್ಲೂ ಜಾಗದ ಕಟ್ಟುಪಾಡಿತ್ತು. ಯಂತ್ರ ಎಲ್ಲಿದೆ ಅಂತ ತಿಳಿಸುವ ಜಿಪಿಎಸ್, ಆಪರೇಟರ್‌ನ ಬಯೊಮೆಟ್ರಿಕ್ ಎರಡೂ ಬೇಕಿತ್ತು. 2018ರ ಸೆಪ್ಟೆಂಬರ್‌ನಲ್ಲಿ ‘ಹಫ್‌ಪೋಸ್ಟ್ ಇಂಡಿಯಾ’ ಪ್ರಕಟಿಸಿದ ತನಿಖಾ ವರದಿ, ಸುಮಾರು 2,500 ರೂಪಾಯಿಗೆ ಸಿಗುವ ಒಂದು ಪ್ಯಾಚ್ ಈ ಜಿಪಿಎಸ್ ತಡೆಯನ್ನೂ ಆಪರೇಟರ್ ದೃಢೀಕರಣವನ್ನೂ ನಿಷ್ಕ್ರಿಯಗೊಳಿಸುತ್ತದೆ ಅಂತ ಹೇಳಿತು. ಯುಐಡಿಎಐ ಈ ವರದಿಯನ್ನು ಪೂರ್ತಿ ತಳ್ಳಿಹಾಕಿತು. ಇದಕ್ಕೂ ಮೊದಲೇ, 2017ರಲ್ಲಿ, ನೋಂದಣಿ ಕೇಂದ್ರಗಳನ್ನು ಖಾಸಗಿ ಜಾಗಗಳಿಂದ ಸರ್ಕಾರಿ ಆವರಣಕ್ಕೆ ಸ್ಥಳಾಂತರಿಸಲು ಅದೇ ಸಂಸ್ಥೆ ರಾಜ್ಯಗಳಿಗೆ ಸೂಚಿಸಿತ್ತು ಅನ್ನೋದನ್ನು ಗಮನಿಸಿ. ಯಂತ್ರ ಎಲ್ಲಿ ಕೂತಿದೆ ಅನ್ನೋದು ಮುಖ್ಯ ಅಂತ ಸರ್ಕಾರಕ್ಕೂ ಗೊತ್ತಿದೆ.

ತಾಂತ್ರಿಕ ಪಾಠವೂ ಇಲ್ಲಿದೆ. ಎಲ್ಲಿಂದ ಲಾಗಿನ್ ಅನ್ನೋ ಪರೀಕ್ಷೆಯನ್ನು ಬಳಕೆದಾರನ ಯಂತ್ರದಲ್ಲೇ ಮಾಡಿದರೆ, ಆ ಯಂತ್ರ ಕೈಯಲ್ಲಿರುವವನು ಅದನ್ನು ಕಿತ್ತುಹಾಕುವ ದಾರಿ ಹುಡುಕಬಹುದು. ಪರೀಕ್ಷೆ ಸರ್ವರ್ ಕಡೆಯಲ್ಲಿ ನಡೆಯಬೇಕು.

ಆಕ್ಷೇಪಗಳೂ ಇವೆ

ಮೊದಲನೆಯದು, ತುರ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು 6 ತಾಸು ಸತ್ತು ಮಲಗಿದ್ದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಕಂಪನಿಯ ಇಡೀ ಬೆನ್ನೆಲುಬಿನ ನೆಟ್‌ವರ್ಕನ್ನು ಕಡಿದುಹಾಕಿತ್ತು. ದೂರದಿಂದ ಸರಿಪಡಿಸೋಕೆ ನೆಟ್‌ವರ್ಕೇ ಇಲ್ಲ. ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೆ ಖುದ್ದಾಗಿ ಹೋಗಬೇಕಾಯಿತು, ಅಲ್ಲಿನ ಬಿಗಿ ಭದ್ರತೆಯಿಂದ ಒಳಗೆ ಹೋಗಲೂ, ಯಂತ್ರದ ಮುಂದೆ ನಿಂತ ಮೇಲೂ ಅದನ್ನು ಬದಲಿಸಲೂ ಸಮಯ ಹಿಡಿಯಿತು. ಆದರೂ ದಿನನಿತ್ಯದ ಭದ್ರತೆಗಾಗಿ ಅಪರೂಪಕ್ಕೊಮ್ಮೆ ಇಂಥ ನಿಧಾನವನ್ನು ಸಹಿಸೋದು ತಕ್ಕುದೇ ಅನ್ನೋ ಅರ್ಥದಲ್ಲಿ ಕಂಪನಿ ನಂತರ ಬರೆಯಿತು. ಇಂಥ ಹೊತ್ತಿಗಾಗಿಯೇ ತುರ್ತು ಖಾತೆಯೊಂದನ್ನು ಇಡುವ ರೂಢಿಯಿದೆ. ಅದರ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ, ತಿಜೋರಿಯಲ್ಲಿ. ತೆರೆದರೆ ಎಲ್ಲರಿಗೂ ಗೊತ್ತಾಗಬೇಕು, ಬಳಸಿದ ಮೇಲೆ ಬದಲಾಗಬೇಕು.

ಎರಡನೆಯದು, ಒಳಗಿನವರೇ ಕಳ್ಳರಾದರೆ? ನಂಬಿಕೆಯ ಟರ್ಮಿನಲ್ ಅವರನ್ನು ತಡೆಯೋದಿಲ್ಲ. ಆದ್ರೆ ಅವರು ಎಲ್ಲಿ, ಯಾವಾಗ ಕೂತಿದ್ದರು ಅಂತ ತೋರಿಸುತ್ತದೆ. ಪಾಸ್‌ವರ್ಡ್ ಹೊರಗೆ ಮಾರುವ ವ್ಯಾಪಾರಕ್ಕಂತೂ ಪೆಟ್ಟು ಬೀಳುತ್ತದೆ, ಹೊರಗೆ ಕೆಲಸ ಮಾಡದ ಪಾಸ್‌ವರ್ಡ್‌ಗೆ ಯಾರು ದುಡ್ಡು ಕೊಡ್ತಾರೆ?

ಮೂರನೆಯದು, ನನಗೆ ಎಲ್ಲಕ್ಕಿಂತ ಗಂಭೀರ ಅನ್ನಿಸೋದು: ಆ ಪಟ್ಟಿ ಯಾರ ಕೈಯಲ್ಲಿದೆ? ಟರ್ಮಿನಲ್ ಪಟ್ಟಿ ತಿದ್ದುವ ಅಧಿಕಾರ ಅದೇ ಅಡ್ಮಿನ್‌ಗೆ ಇದ್ದರೆ, ಕಾವಲುಗಾರನ ಕೈಗೇ ಹಾಜರಿ ಪುಸ್ತಕ ಕೊಟ್ಟಂತೆ. ಪಟ್ಟಿ ಬದಲಿಸಲು ಇಬ್ಬರ ಒಪ್ಪಿಗೆ ಬೇಕು. ಲಾಗ್ ಬೇರೊಂದು ಯಂತ್ರದಲ್ಲಿ, ಅಡ್ಮಿನ್ ಕೈಗೆ ಸಿಗದ ಕಡೆ ಇರಬೇಕು. ‘ಸಾಹೇಬರಿಗೆ ಮನೆಯಿಂದಲೂ ಬೇಕಂತೆ’ ಅಂತ ಸೇರಿಸಿದ ವಿನಾಯಿತಿಗೆ ಕೊನೆಯ ದಿನಾಂಕ ಇರಬೇಕು. ಇಲ್ಲದಿದ್ದರೆ ವಿನಾಯಿತಿಗಳೇ ಬೆಳೆದು ನಿಯಮವನ್ನು ನುಂಗುತ್ತವೆ.

ನಾವು ಏನು ಕೇಳಬಹುದು?

2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು 6 ತಾಸಿನೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಆದ್ರೆ ಹಂಚಿಕೊಂಡ ಪಾಸ್‌ವರ್ಡ್‌ನಿಂದ, ಎಲ್ಲಿಂದಲೋ ಬಂದವರ ಲಾಗ್ 180 ದಿನ ಇಟ್ಟುಕೊಂಡರೆ ‘ಯಾರೋ, ಎಲ್ಲಿಂದಲೋ’ ಅಂತಲೇ ಓದಬೇಕಾಗುತ್ತದೆ.

ಮುಂದಿನ ಬಾರಿ ಯಾವುದಾದರೂ ಇಲಾಖೆಯ ಪೋರ್ಟಲ್ ಬಗ್ಗೆ ಆರ್‌ಟಿಐ ಹಾಕುವಾಗ, ಸಭೆಯಲ್ಲಿ ಪ್ರಶ್ನೆ ಕೇಳುವಾಗ ಇವುಗಳನ್ನು ಸೇರಿಸಿ:

1. ಈ ವ್ಯವಸ್ಥೆಯಲ್ಲಿ ಅಡ್ಮಿನ್ ಮಟ್ಟದ ಖಾತೆಗಳು ಎಷ್ಟು? ಒಂದೇ ಖಾತೆಯನ್ನು ಒಬ್ಬರಿಗಿಂತ ಹೆಚ್ಚು ಜನ ಬಳಸುತ್ತಾರಾ?
2. ಆ ಖಾತೆಗಳು ನೋಂದಾಯಿತ ಯಂತ್ರಗಳಿಂದ ಮಾತ್ರ ತೆರೆಯಬೇಕು ಅನ್ನೋ ಲಿಖಿತ ನೀತಿ ಇದೆಯಾ?
3. ಗುತ್ತಿಗೆ ಕಂಪನಿಯ ಸಿಬ್ಬಂದಿಗೂ ಅದೇ ನೀತಿ ಅನ್ವಯಿಸುತ್ತಾ?
4. ಪಟ್ಟಿಗೆ ಹೊಸ ಯಂತ್ರ ಸೇರಿಸಲು ಯಾರ ಒಪ್ಪಿಗೆ ಬೇಕು? ಈಗ ಎಷ್ಟು ವಿನಾಯಿತಿಗಳಿವೆ?
5. ನೌಕರ ವರ್ಗವಾದ ಅಥವಾ ಕೆಲಸ ಬಿಟ್ಟ ಎಷ್ಟು ದಿನಕ್ಕೆ ಖಾತೆ ಮುಚ್ಚಲಾಗುತ್ತದೆ?
6. ಕೊನೆಯ ಸ್ವತಂತ್ರ ಭದ್ರತಾ ಪರಿಶೋಧನೆ ನಡೆದದ್ದು ಯಾವಾಗ?

ಯಂತ್ರದ ವಿಳಾಸ, ನೆಟ್‌ವರ್ಕ್ ನಕ್ಷೆ ಕೇಳಬೇಡಿ. ಅದನ್ನು ಕೊಡಬಾರದು, ಕೇಳಿದರೆ ಭದ್ರತೆಯ ನೆಪದಲ್ಲಿ ಇಡೀ ಅರ್ಜಿ ತಿರಸ್ಕರಿಸೋದು ಸುಲಭವಾಗುತ್ತೆ. ನೀತಿ ಇದೆಯಾ, ಸಂಖ್ಯೆ ಎಷ್ಟು, ದಿನಾಂಕ ಯಾವುದು ಅಂತ ಕೇಳಿ. ಇವುಗಳಿಗೆ ಉತ್ತರ ಕೊಟ್ಟರೆ ಯಾವ ಸರ್ವರ್‌ಗೂ ಅಪಾಯವಿಲ್ಲ.

ಉತ್ತರವಾಗಿ ‘ನಮ್ಮಲ್ಲಿ ಬಲವಾದ ಪಾಸ್‌ವರ್ಡ್ ಇದೆ, ಒಟಿಪಿ ಇದೆ’ ಅಂತ ಬಂದರೆ, ಟ್ವಿಟರ್‌ನಲ್ಲೂ ಎರಡೂ ಇದ್ದವು ಅಂತ ಮೇಲ್ಮನವಿಯಲ್ಲಿ ಬರೆಯಿರಿ. ಎರಡನೇ ಪ್ರಶ್ನೆಗೆ ಮಾತ್ರ ಇನ್ನೊಮ್ಮೆ ಉತ್ತರ ಕೇಳಿ.